ಅತ್ತಿಗೆಯ ಇನ್ನೊಂದು ಬಲಗೈ

“ಬೇಗ ಬಾರೋ, ನನ್ನ ಕೈ ಕಾಣಿಸ್ತಿಲ್ಲ!”

ಫೋನಿನಲ್ಲಿ ನಮ್ಮ ಸುಮತಿ ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ. ಅಷ್ಟು ಹೇಳಿ ಕಟ್ ಮಾಡಿದರು. ಬೆಳಗಿನ ಕಾಫಿ ಇನ್ನೂ ಅರ್ಧ ಲೋಟದಲ್ಲೇ ಇತ್ತು. ಮನೆಯ ಹಿರಿಯರೊಬ್ಬರು ಕೈ ಕಾಣಿಸುತ್ತಿಲ್ಲ ಎಂದರೆ ನೀವೇನು ಮಾಡುತ್ತೀರಿ? ನಾನೂ ಅದನ್ನೇ ಮಾಡಿದೆ. ಸ್ವೆಟರ್ ಸಿಕ್ಕಿಸಿಕೊಂಡು (ಉಲ್ಟಾ ಹಾಕಿಕೊಂಡಿದ್ದೇನೆಂದು ಗೊತ್ತಾಗಿದ್ದು ಆಮೇಲೆ) ಬಸವನಗುಡಿಯಿಂದ ಚಾಮರಾಜಪೇಟೆಗೆ ಸ್ಕೂಟರ್ ಓಡಿಸಿದೆ. ದಾರಿಯುದ್ದಕ್ಕೂ ತಲೆಯಲ್ಲಿ ಕಣ್ಣಿನ ಡಾಕ್ಟರು, ನರದ ಡಾಕ್ಟರು, ಆಂಬುಲೆನ್ಸು.

ಅಲ್ಲಿ ನೋಡಿದರೆ ಅತ್ತಿಗೆ ದಿವಾನದ ಮೇಲೆ ನೆಟ್ಟಗೆ ಕುಳಿತಿದ್ದರು. ಎಡಗೈ ಇದ್ದಲ್ಲೇ ಇತ್ತು. ಬಲಗೈಯೂ ಇತ್ತು. ಪ್ಲಾಸ್ಟರ್ ಹಾಕಿಸಿಕೊಂಡು, ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ ತಣ್ಣಗೆ ಮಲಗಿತ್ತು.

“ಎರಡೂ ಇದಾವಲ್ಲ ಅತ್ತಿಗೆ?”

“ಇದಲ್ವೋ. ಆ ಕೈ!” ಎಂದು ಎದುರಿಗಿದ್ದ ಲ್ಯಾಪ್‌ಟಾಪಿನ ಕಡೆಗೆ ಗದ್ದ ಚಾಚಿದರು.

ಹೌದು, ನಮ್ಮ ಅತ್ತಿಗೆಗೆ ಎರಡು ಬಲಗೈ. ಒಂದು ಎಲ್ಲರಿಗೂ ಇರುವಂಥದ್ದು. ಇನ್ನೊಂದು ಇಂಟರ್‌ನೆಟ್‌ನಲ್ಲಿ ಇರುವಂಥದ್ದು. ಮೊದಲನೆಯದು ಸ್ವಲ್ಪ ದಿನಗಳ ಹಿಂದೆ ಮುರಿದಿತ್ತು. ಎರಡನೆಯದು ಆವತ್ತು ಬೆಳಿಗ್ಗೆ ನೋಡಿದರೆ ಮಾಯವಾಗಿತ್ತು.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅತ್ತಿಗೆ ತಮ್ಮ ಬೀದಿಯ ರಂಗೋಲಿ ಟೀಚರ್. ಪ್ರತಿ ವರ್ಷ ಧನುರ್ಮಾಸ ಶುರುವಾಗುವ ಮುಂಚಿನ ಭಾನುವಾರ ಅಲ್ಲಿನ ಭಜನೆ ಮಂಡಳಿಯ ಹಾಲ್‌ನಲ್ಲಿ ಅವರದೊಂದು ಕ್ಲಾಸು. ಆಸುಪಾಸಿನ ಹೆಂಗಸರು, ಹೊಸದಾಗಿ ಮದುವೆಯಾಗಿ ಬಂದವರು, ಫ್ಲ್ಯಾಟಿನ ಬಾಗಿಲ ಮುಂದೆ ಒಂದು ಗೇಣು ಜಾಗ ಗಿಟ್ಟಿಸಿಕೊಂಡವರು, ಎಲ್ಲ ಬರುತ್ತಾರೆ. ಅತ್ತಿಗೆ ಕಲಿಸುವುದು ಎಳೆ ರಂಗೋಲಿ. ಮೊದಲು ಚುಕ್ಕಿಗಳನ್ನು ಇಡಬೇಕು. ಆಮೇಲೆ ಒಂದೇ ಎಳೆ ಆ ಚುಕ್ಕಿಗಳ ಸುತ್ತ ಬಳಸಿ ಬಳಸಿ ಹೋಗಿ, ಶುರುವಾದ ಜಾಗಕ್ಕೇ ಬಂದು ಸೇರಬೇಕು. ಚಿಟಿಕೆಯ ಪುಡಿ ಮುಗಿದರೆ ಇನ್ನೊಂದು ಚಿಟಿಕೆ ತೆಗೆದುಕೊಂಡು ಬಿಟ್ಟಲ್ಲಿಂದಲೇ ಮುಂದುವರಿಯಬೇಕು. ಇಲ್ಲಿಷ್ಟು ಅಲ್ಲಿಷ್ಟು ಎಳೆದು ಕೊನೆಗೆ ಜೋಡಿಸಿದರೆ ಅತ್ತಿಗೆ ಅದನ್ನು ರಂಗೋಲಿ ಅಂತ ಒಪ್ಪುವುದಿಲ್ಲ.

ಈ ಸಲ ಅವರು ಗೇಟಿನ ಮುಂದೆ ತಾವೇ ನೀರು ಹಾಕಿ ತೊಳೆದ ನೆಲದ ಮೇಲೆ ತಾವೇ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಕೈ ಮೊದಲಿನಷ್ಟು ಸ್ಥಿರವಾಗಿ ನಿಲ್ಲುತ್ತದೆಂದು ಹೇಳಲಾಗುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಮಂಡಳಿಯ ಕಾರ್ಯದರ್ಶಿಗಳು ಫೋನ್ ಮಾಡಿ, “ಈ ವರ್ಷ ರೆಸ್ಟ್ ತಗೊಳಿ ಮೇಡಂ, ಬಂದೋರಿಗೆಲ್ಲ ರಂಗೋಲಿ ಸ್ಟಿಕ್ಕರ್ ಹಂಚಿಬಿಡೋಣ” ಅಂದರಂತೆ. ಅದೇ ಕಿಡಿ ಹೊತ್ತಿಸಿದ್ದು.

“ಸ್ಟಿಕ್ಕರ್ ಅಂಟ್ಸೋಕೆ ನಾನ್ಯಾಕೆ ಬೇಕು? ಗೋಂದು ಸಾಕಲ್ವಾ?” ಅತ್ತಿಗೆ ನನ್ನ ಮೇಲೆ ಹರಿಹಾಯ್ದರು, ಸ್ಟಿಕ್ಕರ್ ಕಂಡುಹಿಡಿದವನು ನಾನೇ ಎಂಬಂತೆ.

“ನಿಮ್ಮ ಸ್ಟೂಡೆಂಟ್ಸ್ ಯಾರಾದ್ರೂ ಹಾಕಿ ತೋರಿಸಬಹುದಲ್ಲ ಅತ್ತಿಗೆ?”

“ತೋರಿಸ್ತಾರೆ. ನಾನು ಮುಂದಿನ ಸಾಲಲ್ಲಿ ಕೂತು, ತಾಂಬೂಲ ಇಸ್ಕೊಂಡು ಮನೆಗೆ ಬರ್ತೀನಿ. ಮುಂದಿನ ವರ್ಷ ಅದೂ ಇಲ್ಲ. ಕ್ಲಾಸು ಒಂದ್ಸಲ ಕೈ ತಪ್ಪಿದ್ರೆ ತಪ್ಪಿದ ಹಾಗೇ ಕಣೋ.” ಸಿಟ್ಟಿನಲ್ಲೇ ಹೇಳಿದರು. ಆದರೆ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ನನಗೆ ನಿಜಕ್ಕೂ ಸಂಕಟವಾಯಿತು.

ಆ ಹಟದಲ್ಲೇ ಅವರಿಗೆ ತಮ್ಮ ಇನ್ನೊಂದು ಕೈ ನೆನಪಾಗಿತ್ತು.

ಬಹಳ ವರ್ಷಗಳ ಹಿಂದೆ ಮಾವಳ್ಳಿಯ ಮಂಜುಳಾ ಎಂಬ ಶಿಷ್ಯೆ ಮಾಡಿಕೊಟ್ಟ ವೆಬ್‌ಸೈಟ್ ಅದು. ಆಗ ಮಲ್ಟಿಮೀಡಿಯಾ ಕೋರ್ಸುಗಳ ಕಾಲ. ಯಾವ ರಸ್ತೆಗೆ ಹೋದರೂ ಮೊದಲ ಮಹಡಿಯಲ್ಲಿ ಒಂದು ಬೋರ್ಡು. ಮಂಜುಳಾ ತನ್ನ ಕೋರ್ಸಿನ ಪ್ರಾಜೆಕ್ಟಿಗೆಂದು ಅತ್ತಿಗೆಯ ಪಕ್ಕದಲ್ಲಿ ದಿನಗಟ್ಟಲೆ ಕುಳಿತು, ಅವರ ಕೈ ಹೋದ ದಾರಿಯನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದಳು. ಪುಟ ತೆರೆದರೆ ಕಪ್ಪು ನೆಲ. ಮೇಲಿನಿಂದ ಹಸಿರು ಬಳೆ ತೊಟ್ಟ ಕೈಯೊಂದು ಇಳಿದು ಬಂದು ಚುಕ್ಕಿ ಇಡುತ್ತಿತ್ತು. ಆಮೇಲೆ ಎಳೆ ಎಳೆಯುತ್ತ ನಡುವೆ ನಿಂತು ನಿಮ್ಮನ್ನು ಕೇಳುತ್ತಿತ್ತು, ಮುಂದೆ ಯಾವ ಚುಕ್ಕಿ? ಸರಿಯಾದುದನ್ನು ಒತ್ತಿದರೆ ಕೈ ಮುಂದೆ ಹೋಗುತ್ತದೆ. ತಪ್ಪು ಒತ್ತಿದರೆ ಅತ್ತಿಗೆಯದೇ ದನಿಯಲ್ಲಿ ಬೈಗುಳ ಬೀಳುತ್ತದೆ.

‘ರಂಗೋಲಿ ವಿಡಿಯೊ ಬೇಕಾದಷ್ಟು ಸಿಗುತ್ತವಲ್ಲ?’ ಎನ್ನುತ್ತೀರಿ. ನಾನೂ ಹಾಗೇ ಅಂದು ಬೈಸಿಕೊಂಡೆ. ವಿಡಿಯೊ ತನ್ನ ಪಾಡಿಗೆ ತಾನು ಓಡುತ್ತದೆ. ನಿಮಗೆ ಅರ್ಥವಾಯಿತೋ ಇಲ್ಲವೋ ಅದಕ್ಕೇನು? ಪುಸ್ತಕದಲ್ಲಿ ಮುಗಿದ ಚಿತ್ರ ಇರುತ್ತದೆ, ಎಳೆ ಎಲ್ಲಿ ಶುರುವಾಯಿತು ಅನ್ನುವುದು ಇರುವುದಿಲ್ಲ. ಈ ಕೈ ಹಾಗಲ್ಲ, ನಿಮ್ಮನ್ನು ಕಾಯುತ್ತದೆ, ಕೇಳುತ್ತದೆ, ತಿದ್ದುತ್ತದೆ. ಮೇಷ್ಟ್ರ ಕೆಲಸ ಅಂದರೆ ಅದೇ ಅಲ್ಲವೇ?

ಆವತ್ತು ಬೆಳಿಗ್ಗೆ ಆ ಪುಟ ತೆರೆದರೆ ಕಂಡಿದ್ದು ಒಂದು ಬೂದು ಬಣ್ಣದ ಡಬ್ಬ. ಕೆಳಗೆ, ಈ ಪ್ಲಗಿನ್‌ಗೆ ಬೆಂಬಲವಿಲ್ಲ ಎಂಬ ಒಂದು ಸಾಲು. ಕೈಯೂ ಇಲ್ಲ, ಬಳೆಯೂ ಇಲ್ಲ.

“ವೈರಸ್ಸು” ಎಂದು ತೀರ್ಪು ಕೊಟ್ಟ ಅಣ್ಣ. (ಸರ್ಕಾರಿ ಕಚೇರಿಯಿಂದ ನಿವೃತ್ತನಾದ ಮೇಲೆ ಅವನು ದಿನಕ್ಕೆ ಹಲವು ತೀರ್ಪು ಕೊಡುತ್ತಾನೆ.) ನಾನು ಗಂಭೀರವಾಗಿ ತೋಳು ಮಡಚಿದೆ. ಸ್ವೆಟರ್ ಉಲ್ಟಾ ಇರುವುದು ಗೊತ್ತಾಗಿದ್ದು ಆಗಲೇ. ರೀಫ್ರೆಶ್ ಒತ್ತಿದೆ. ಆಫ್ ಮಾಡಿ ಆನ್ ಮಾಡಿದೆ. ಕೊನೆಗೆ ‘ಹಳೆಯ ಪ್ಲೇಯರ್ ಉಚಿತ’ ಅಂತ ಮಿನುಗುತ್ತಿದ್ದ ಯಾವುದೋ ಸೈಟಿನಿಂದ ಏನನ್ನೋ ಇಳಿಸಿಕೊಂಡೆ. ತಕ್ಷಣ ಪರದೆಯ ತುಂಬ ರಮ್ಮಿ ಆಟದ ಜಾಹೀರಾತು, ತೂಕ ಇಳಿಸುವ ಪುಡಿ, ಮತ್ತೆ ರಮ್ಮಿ.

“ಅವಳ ಕೈ ಹುಡುಕು ಅಂದ್ರೆ ಇಸ್ಪೀಟ್ ಹಂಚ್ತಿದೀಯಲ್ಲೋ” ಎಂದ ಅಣ್ಣ.

ಆಮೇಲೆ ಮಾಡಬೇಕಾದ ಕೆಲಸವನ್ನು ಮಾಡಿದೆವು. ಮಂಜುಳಾಗೆ ಫೋನ್ ಹಚ್ಚಿದೆವು. ಅವಳೀಗ ನಲವತ್ತು ದಾಟಿದ ಗೃಹಸ್ಥೆ, ಮನೆಯಿಂದಲೇ ವೆಬ್‌ಸೈಟ್ ಮಾಡಿಕೊಡುವ ಕೆಲಸ. “ಮಿಸ್ ಕೈ ಮುರೀತಾ? ನನಗ್ಯಾಕೆ ಹೇಳ್ಲಿಲ್ಲ?” ಎಂದು ಮೊದಲು ಜಗಳವಾಡಿ, ಮಧ್ಯಾಹ್ನಕ್ಕೆ ಬಂದೇಬಿಟ್ಟಳು. ಬಂದವಳು ಮೊದಲು ಮಾಡಿದ ಕೆಲಸ, ನನ್ನ ರಮ್ಮಿಯನ್ನು ಒರೆಸಿ ಹಾಕಿದ್ದು.

“ಫೈಲ್ ಹಾಗೇ ಇದೆ ಮಿಸ್, ಏನೂ ಆಗಿಲ್ಲ. ಅದನ್ನ ಓಡಿಸೋ ಪ್ಲೇಯರ್ ಇಲ್ಲ ಅಷ್ಟೆ. ಅದು ಒಂದೇ ಕಂಪನಿದಾಗಿತ್ತು. ಅವರು ನಿಲ್ಲಿಸಿದ್ರು, ಬ್ರೌಸರ್‌ಗಳೂ ಅದನ್ನ ತೆಗೆದು ಹಾಕಿದ್ವು. ಆಗಿ ಎಷ್ಟೋ ವರ್ಷ ಆಯ್ತು. ನೀವು ನೋಡಿರಲಿಲ್ಲ ಅನ್ಸುತ್ತೆ.”

ಅತ್ತಿಗೆಗೆ ಅರ್ಥವಾಗಲಿಲ್ಲ. ಮಂಜುಳಾ ಅಡುಗೆಮನೆ ಕಡೆ ನೋಡಿದಳು. “ಮಿಕ್ಸಿ ಜಾರ್ ಇದೆ ಅಂತಿಟ್ಕೊಳಿ. ಜಾರ್ ಚೆನ್ನಾಗೇ ಇದೆ. ಒಳಗೆ ಚಟ್ನಿಗೆ ಎಲ್ಲ ಹಾಕಿದೀರಿ. ಆದ್ರೆ ಅದು ಕೂರೋ ಮಿಕ್ಸಿನೇ ಈಗ ಎಲ್ಲೂ ಸಿಗಲ್ಲ. ಬೇರೆ ಕಂಪನಿ ಮಿಕ್ಸಿ ಮೇಲೆ ಇದು ಕೂರಲ್ಲ.”

“ಅಂದ್ರೆ ನನ್ನ ಕೈ ಜಾರ್‌ನಲ್ಲಿದೆ” ಎಂದರು ಅತ್ತಿಗೆ. ಚೆನ್ನಾಗಿ ಅರ್ಥವಾಯಿತು.

ನಿಮ್ಮ ಮನೆಯಲ್ಲೂ ಇಂಥ ಜಾರ್‌ಗಳು ಇರುತ್ತವೆ, ಹುಡುಕಿ ನೋಡಿ. ಮದುವೆಯ ಕ್ಯಾಸೆಟ್ಟು ಇದೆ, ಹಾಕಿ ನೋಡಲು ಡಬ್ಬ ಇಲ್ಲ. ಮಗಳು ಶಾಲೆಯಲ್ಲಿ ಹಾಡಿದ ಸಿಡಿ ಇದೆ, ಲ್ಯಾಪ್‌ಟಾಪಿಗೆ ಬಾಯೇ ಇಲ್ಲ. ಡ್ರಾಯರ್ ತುಂಬ ಚಾರ್ಜರ್, ಒಂದರ ಪಿನ್ನು ಇನ್ನೊಂದಕ್ಕೆ ಹೋಗುವುದಿಲ್ಲ. ನಾವು ನಮ್ಮ ನೆನಪುಗಳನ್ನು ನಂಬಿ ಕೊಟ್ಟಿರುವುದು ಯಾರದೋ ಅಂಗಡಿಯ ಕೈಗೆ. ಅವರು ಬಾಗಿಲು ಹಾಕಿದ ದಿನ ನಮ್ಮ ನೆನಪಿಗೂ ಬೀಗ. ಅದೇ ಬಲ್ಬು ನೋಡಿ. ಅಕ್ಕಿಪೇಟೆಯಲ್ಲಿ ಕೊಂಡರೂ ಸಂಪಿಗೆ ರಸ್ತೆಯಲ್ಲಿ ಕೊಂಡರೂ ಮನೆಗೆ ತಂದು ತಿರುಗಿಸಿದರೆ ಹೋಲ್ಡರಿಗೆ ಕೂರುತ್ತದೆ. ಯಾವ ಕಂಪನಿಯವನು ನೀನು ಅಂತ ಹೋಲ್ಡರ್ ಕೇಳುವುದಿಲ್ಲ. ಇಂಥ ಅಳತೆ ಎಂದು ಯಾರೋ ಪುಣ್ಯಾತ್ಮರು ಕೂತು ಒಪ್ಪಿಕೊಂಡು, ಆ ಅಳತೆಯನ್ನು ಎಲ್ಲರಿಗೂ ತಿಳಿಯುವಂತೆ ಬಿಟ್ಟಿದ್ದಾರೆ. ಓಪನ್ ಸ್ಟ್ಯಾಂಡರ್ಡ್ ಎಂದರೆ ಇಷ್ಟೇ. ದೊಡ್ಡ ಹೆಸರು, ಸಣ್ಣ ಸೌಜನ್ಯ.

ವೆಬ್‌ನಲ್ಲೂ ಅದೇ ಆಗಿದೆಯಂತೆ. ಮಂಜುಳಾ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಮೊದಲು ಪುಟದಲ್ಲಿ ಏನಾದರೂ ಕುಣಿಯಬೇಕು, ಮಾತಾಡಬೇಕು, ಮುಟ್ಟಿದರೆ ಉತ್ತರ ಕೊಡಬೇಕು ಎಂದರೆ ಯಾರದಾದರೂ ಪ್ಲಗಿನ್ ತಂದು ಸಿಕ್ಕಿಸಬೇಕಿತ್ತು. ಈಗ ಗೆರೆ ಎಳೆಯುವುದು, ದನಿ ಕೇಳಿಸುವುದು, ಬೆರಳಿಗೆ ಉತ್ತರ ಕೊಡುವುದು, ಎಲ್ಲ ಬ್ರೌಸರಿಗೇ ಗೊತ್ತು. ಹೇಗೆ ಎಂಬ ನಿಯಮಗಳನ್ನು ಯಾರು ಬೇಕಾದರೂ ಓದಬಹುದು. ಯಾರ ಅಪ್ಪಣೆಯೂ ಬೇಡ.

“ಚಿತ್ರ ಅಂದ್ರೆ ಚಿತ್ರನೇ ಅಲ್ಲ ಮಿಸ್. ಬರೀ ಮಾತು. ಇಲ್ಲಿಂದ ಶುರು ಮಾಡು, ಅಲ್ಲಿವರೆಗೂ ಹೋಗು, ಬಲಕ್ಕೆ ಬಳಸು, ಅಂತ ಬರೆದಿಟ್ರೆ ಬ್ರೌಸರ್ ಓದ್ಕೊಂಡು ತಾನೇ ಬರೆಯುತ್ತೆ. ಫೋನ್ ಸಣ್ಣದಾದ್ರೆ ಸಣ್ಣದಾಗಿ, ಟಿವಿ ದೊಡ್ಡದಾದ್ರೆ ದೊಡ್ಡದಾಗಿ.”

ಅತ್ತಿಗೆ ಅವಳನ್ನೇ ನೋಡಿದರು. “ಇದರಲ್ಲೇನೇ ಹೊಸದು? ನಾವು ಮಾಡೋದೂ ಅದೇ ಅಲ್ವಾ?”

ನಿಜ! ಅತ್ತಿಗೆ ತಮ್ಮ ತಂಗಿಗೆ ಫೋನಿನಲ್ಲಿ ರಂಗೋಲಿ ಕಳಿಸುವುದನ್ನು ನಾನೇ ಎಷ್ಟೋ ಸಲ ಕೇಳಿದ್ದೇನೆ. ಫೋಟೊ ಅಲ್ಲ, ಮಾತಿನಲ್ಲಿ. “ಹದಿಮೂರು ಚುಕ್ಕಿ, ಸಂದು, ಏಳಕ್ಕೆ ನಿಲ್ಲಿಸು.” ಅಷ್ಟೇ. ನಡುವಿನ ಸಾಲಿಗೆ ಹದಿಮೂರು, ಎರಡು ಚುಕ್ಕಿಗಳ ಸಂದಿಗೆ ಒಂದರಂತೆ ಮೇಲೆ ಕೆಳಗೆ ಕಡಿಮೆ ಮಾಡುತ್ತ ಹೋಗಿ, ಏಳು ಬಂದಾಗ ನಿಲ್ಲಿಸಬೇಕು. ಎಳೆ ಹೇಗೆಂದು ಇಬ್ಬರ ಕೈಗೂ ಗೊತ್ತು. ಈ ಕಡೆ ಚಾಮರಾಜಪೇಟೆ, ಆ ಕಡೆ ಮಲ್ಲೇಶ್ವರ. ಇಲ್ಲಿ ಕಲ್ಲಿನ ನೆಲ, ಅಲ್ಲಿ ಟೈಲ್ಸು. ಅಂಗಳ ದೊಡ್ಡದೋ ಸಣ್ಣದೋ, ಪುಡಿ ಯಾವ ಅಂಗಡಿಯದೋ, ಕೇಳುವವರಿಲ್ಲ. ಎರಡೂ ಬಾಗಿಲಲ್ಲಿ ಒಂದೇ ರಂಗೋಲಿ. ಯಾವ ಕಂಪನಿಯೂ ಇದನ್ನು ಮುಚ್ಚಲಿಲ್ಲ, ಏಕೆಂದರೆ ಯಾವ ಕಂಪನಿಯೂ ಇದನ್ನು ತೆರೆದಿರಲಿಲ್ಲ. ನಮ್ಮ ಹೆಂಗಸರು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದನ್ನು ಕಂಪ್ಯೂಟರ್ ಮಂದಿ ಈಗ ಸಭೆ ಸೇರಿ ಮಾಡುತ್ತಿದ್ದಾರೆ. ಮಾಡಲಿ, ಒಳ್ಳೆಯದೇ. ತಡವಾಯಿತು ಅಷ್ಟೇ.

ಸರಿ, ಹೊಸ ಕೈ ತಯಾರಿ ಶುರುವಾಯಿತು. ಮಂಜುಳಾ ಎರಡೇ ದಿನದಲ್ಲಿ ಒಂದು ರಂಗೋಲಿ ಮಾಡಿ ತಂದಳು. ಬಳೆಗೆ ಹೊಳಪು ಬಂದಿತ್ತು. ನೆಲಕ್ಕೆ ನೆರಳು ಬಂದಿತ್ತು. ಕೈ ಬಂತು, ಸೊಗಸಾಗಿ ಚುಕ್ಕಿ ಇಟ್ಟಿತು, ಎಳೆ ಎಳೆಯಿತು. ನಾನೂ ಅಣ್ಣನೂ “ಆಹಾ” ಎಂದೆವು.

“ಕೈ ಎತ್ತಿದ್ಲು!” ಎಂದು ಅತ್ತಿಗೆ ಕಿರುಚಿದರು.

ಮನೆಯಲ್ಲಿ ಯಾರಾದರೂ ಹಲ್ಲಿ ತುಳಿದರೂ ಅಷ್ಟು ಗಾಬರಿಯ ದನಿ ಬರುವುದಿಲ್ಲ. ಎಲ್ಲಿ? ಯಾರು? ನಾವು ಕಣ್ಣರಳಿಸಿ ನೋಡಿದೆವು. ಮುಗಿದ ರಂಗೋಲಿ ಅಚ್ಚುಕಟ್ಟಾಗಿಯೇ ಇತ್ತು. ಒಂದು ಕಡೆಯೂ ಎಳೆ ಕಡಿದಿರಲಿಲ್ಲ.

“ರಂಗೋಲಿ ನೋಡ್ಬೇಡಿ, ಕೈ ನೋಡಿ” ಎಂದು ಇನ್ನೊಮ್ಮೆ ಓಡಿಸಲು ಹೇಳಿದರು. ಆಗ ಕಂಡಿತು. ಕೈ ಎಡಗಡೆಯ ನಾಲ್ಕು ಸುತ್ತು ಮುಗಿಸಿ, ಚಂಗನೆ ಬಲಗಡೆಗೆ ಹಾರಿ, ಅಲ್ಲಿನದನ್ನು ಎಳೆದು, ಮತ್ತೆ ಮೇಲಕ್ಕೆ ಹಾರಿತ್ತು. ಕೊನೆಗೆ ಎಲ್ಲ ತುಂಡುಗಳೂ ಕೂಡಿಕೊಂಡು ಒಂದೇ ಎಳೆಯ ಹಾಗೆ ಕಾಣುತ್ತಿತ್ತು. ಮಂಜುಳಾ ಹಳೆಯ ಫೋಟೊ ನೋಡಿ ಗೆರೆಗಳನ್ನು ತುಂಡು ತುಂಡಾಗಿ ಬರೆದುಕೊಂಡಿದ್ದಳು. ಹಾಗೆ ಮಾಡುವುದು ಸುಲಭ. ಚಿತ್ರಕ್ಕೆ ಅಷ್ಟು ಸಾಕು.

“ಇದು ಚಿತ್ರ ಕಣೇ, ರಂಗೋಲಿ ಅಲ್ಲ” ಎಂದರು ಅತ್ತಿಗೆ. “ಇದನ್ನ ನೋಡಿ ಕಲಿತೋರು ನೆಲದ ಮೇಲೆ ಹೀಗೇ ಕುಪ್ಪಳಿಸ್ತಾರೆ. ಆಮೇಲೆ ನಾನು ಕಲಿಸಿದ್ದು ಅಂತಾರೆ.”

ಮಂಜುಳಾ ತಲೆ ಕೆರೆದುಕೊಂಡಳು. ಎಳೆಯ ಪೂರ್ತಿ ದಾರಿ ಬೇಕು. ಚುಕ್ಕಿಯ ಲೆಕ್ಕ ಹೇಳಿದಂತೆ ಅದನ್ನು ಬಾಯಲ್ಲಿ ಹೇಳಲು ಅತ್ತಿಗೆಗೆ ಬರುತ್ತಿರಲಿಲ್ಲ. “ಕೈಗೆ ಗೊತ್ತಿರೋದು ನನಗೆ ಗೊತ್ತಿಲ್ಲಮ್ಮ” ಎಂದರು. ಗೊತ್ತಿದ್ದ ಒಂದು ಕೈ ಪ್ಲಾಸ್ಟರಿನಲ್ಲಿ, ಇನ್ನೊಂದು ಜಾರ್‌ನಲ್ಲಿ. ಭಾನುವಾರ ಹತ್ತಿರ ಬರುತ್ತಿತ್ತು. ಮಂಡಳಿಯವರು ಸ್ಟಿಕ್ಕರ್ ಆರ್ಡರ್ ಕೊಡಲೋ ಬೇಡವೋ ಎಂದು ಮತ್ತೆ ಫೋನ್ ಮಾಡಿದರು. ಅತ್ತಿಗೆ “ತಡೀರಿ” ಎಂದರು, ಆದರೆ ದನಿಯಲ್ಲಿ ಬಲವಿರಲಿಲ್ಲ.

ಆಗ ಮಂಜುಳಾಗೆ ಹೊಳೆದದ್ದು ಇನ್ನೊಂದು ದಾರಿ. ಜಗತ್ತಿನ ಮೂಲೆ ಮೂಲೆಯಲ್ಲಿ ಕೂತ ಕೆಲವರು, ಹಳೆಯ ಫೈಲ್‌ಗಳು ಹಾಳಾಗಬಾರದು ಅಂತ, ಆ ಸತ್ತುಹೋದ ಪ್ಲೇಯರಿನಂತೆಯೇ ನಟಿಸುವ ಒಂದು ಸಾಫ್ಟ್‌ವೇರ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರಂತೆ. ಅವರಿಗೂ ಅತ್ತಿಗೆಗೂ ಯಾವ ನಂಟು? ಅವರು ಚಾಮರಾಜಪೇಟೆಯ ಹೆಸರನ್ನೂ ಕೇಳಿರಲಿಕ್ಕಿಲ್ಲ. ಮಂಜುಳಾ ಅದರೊಳಗೆ ಹಳೆಯ ಫೈಲನ್ನು ಹಾಕಿ ಒತ್ತಿದಳು.

ಕಪ್ಪು ನೆಲ ಬಂತು. ಹಸಿರು ಬಳೆ ಬಂತು. ತಡವರಿಸುತ್ತ, ನಿಂತು ನಿಂತು, ಕೈ ಬಂತು.

ಅತ್ತಿಗೆ ಪರದೆಯ ಹತ್ತಿರಕ್ಕೆ ಬಾಗಿ ಆ ಕೈಯನ್ನು ನೋಡುತ್ತ ಕುಳಿತರು. ಅಣ್ಣ ಅವರ ಭುಜದ ಮೇಲೆ ಕೈ ಇಟ್ಟು, “ಆ ಬಳೆ ನಾನು ಕೊಡಿಸಿದ್ದು” ಎಂದು ಮೆಲ್ಲಗೆ ಹೇಳಿದ. ಅವನ ತೀರ್ಪುಗಳಲ್ಲಿ ನಾನು ಒಪ್ಪಿಕೊಂಡದ್ದು ಅದೊಂದೇ.

ದನಿ ಅಲ್ಲಲ್ಲಿ ಕಡಿಯುತ್ತಿತ್ತು, ಫೋನಿನಲ್ಲಿ ಬೆರಳಿಟ್ಟರೆ ಅದಕ್ಕೆ ತಿಳಿಯುತ್ತಿರಲಿಲ್ಲ. ಕ್ಲಾಸಿಗೆ ಆ ಹಳೆಯದು ಸಾಲದು. ಆದರೆ ದಾರಿ ಅದರಲ್ಲಿತ್ತು. ಅತ್ತಿಗೆ ಪರದೆಯ ಮೇಲಿನ ಕೈಯ ಹಿಂದೆಯೇ ಕಣ್ಣು ಓಡಿಸುತ್ತ ಹೇಳತೊಡಗಿದರು. “ಇಲ್ಲಿಂದ ಕೆಳಗೆ... ಬಳಸು... ಇಲ್ಲಿ ಒಂಚೂರು ನಿಲ್ಲು, ಹೊಸ ಚಿಟಿಕೆ... ಈಗ ಹೊರಗಿನ ಸುತ್ತು.” ಮಂಜುಳಾ ಕೂತಲ್ಲೇ ಬರೆಯುತ್ತ ಹೋದಳು. ಪುಡಿ ಮುಗಿದಾಗ ಕೈ ನಿಲ್ಲುವ ಆ ಒಂದು ಕ್ಷಣವನ್ನೂ ಬಿಡಲಿಲ್ಲ. ಹಳೆಯ ಫೈಲಿನ ಒಳಗಿದ್ದ ದನಿಯನ್ನೂ ಬೇರೆ ತೆಗೆದು ಜೋಡಿಸಿಕೊಂಡಳು. ನಾನು ಮತ್ತು ಅಣ್ಣ ಕಾಫಿ ಸಪ್ಲೈ. ಸಂಜೆಗೆ ಹೊಸ ಕೈ ಎಲ್ಲಿಯೂ ಹಾರದೆ, ಬಳಸಿಕೊಂಡು ಬಂದು, ಹೊರಟಲ್ಲಿಗೇ ಸೇರಿತು. ಅತ್ತಿಗೆ ಎರಡು ಸಲ ನೋಡಿದರು. ಆಮೇಲೆ ಮಂಡಳಿಗೆ ತಾವೇ ಫೋನ್ ಮಾಡಿ, “ಸ್ಟಿಕ್ಕರ್ ಬೇಡ, ಪ್ರೊಜೆಕ್ಟರ್ ಇದ್ರೆ ಸಾಕು” ಎಂದರು.

ಭಾನುವಾರ ಹಾಲ್ ತುಂಬಿತ್ತು. ಪ್ರೊಜೆಕ್ಟರ್ ಮಾತ್ರ ಕೈಕೊಟ್ಟಿತು. (ಮಂಡಳಿಯ ಪ್ರೊಜೆಕ್ಟರ್ ಕೆಲಸ ಮಾಡಿದ್ದನ್ನು ನೋಡಿದವರು ಇದ್ದರೆ ತಿಳಿಸಿ.) ಕಾರ್ಯದರ್ಶಿಗಳು ವೈರನ್ನು ಅಲ್ಲಾಡಿಸುತ್ತ, “ಹೇಳಿದ್ನಲ್ಲ ಮೇಡಂ, ಸ್ಟಿಕ್ಕರ್...” ಎಂದು ಶುರು ಮಾಡಿದರು. ಮಂಜುಳಾ ಎದ್ದು, “ಎಲ್ಲರೂ ನಿಮ್ಮ ನಿಮ್ಮ ಫೋನ್ ತೆಗೀರಿ” ಎಂದು ಪುಟದ ವಿಳಾಸ ಹೇಳಿದಳು. ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಆ್ಯಪ್ ಬೇಡ, ಪಾಸ್‌ವರ್ಡ್ ಬೇಡ.

ನಾನು ಹಾಲ್ ಸುತ್ತ ಒಂದು ರೌಂಡ್ ಹೊಡೆದೆ. ದೊಡ್ಡ ಫೋನು, ಸಣ್ಣ ಫೋನು, ಒಬ್ಬರದು ಮಗ ಕೊಡಿಸಿದ ಟ್ಯಾಬ್. ಎದುರು ಮನೆಯ ಜಯಮ್ಮನವರದು ಗಾಜು ಒಡೆದು ಟೇಪ್ ಹಚ್ಚಿದ ಫೋನು. ಎಲ್ಲದರಲ್ಲೂ ಅದೇ ಕೈ, ಅದೇ ಬಳೆ. ನೆಲದ ಮೇಲೆ ಸಾಲಾಗಿ ಕೂತ ಹೆಂಗಸರು ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಪುಡಿ ಚಿಟಿಕೆ ಹಿಡಿದರು. ಅತ್ತಿಗೆ ಪ್ಲಾಸ್ಟರ್ ಕೈ ಕಟ್ಟಿಕೊಂಡು ಸಾಲುಗಳ ನಡುವೆ ಓಡಾಡತೊಡಗಿದರು. ಅವರ ನಡಿಗೆಯಲ್ಲಿ ಆ ಹಳೆಯ ಗತ್ತು ಬಂದಿತ್ತು. ನನಗೆ ಬಹಳ ಖುಷಿಯಾಯಿತು.

ಅಷ್ಟರಲ್ಲಿ ಮೂಲೆಯಿಂದ ಅತ್ತಿಗೆಯ ದನಿ ಸಿಡಿಯಿತು, “ತಪ್ಪು! ಅಳಿಸು! ಮೊದಲಿಂದ ಹಾಕು!” ಅತ್ತಿಗೆ ನನ್ನ ಎದುರಿಗೇ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಅದು ಫೋನಿನ ಅತ್ತಿಗೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಬೆದರಿ, ಅರ್ಧ ಹಾಕಿದ್ದ ರಂಗೋಲಿಯನ್ನು ಅಂಗೈಯಲ್ಲಿ ಒರೆಸಲು ಹೊರಟಿದ್ದಳು.

“ಏ, ಅಳಿಸ್ಬೇಡ! ಅವಳ ಮಾತು ಕೇಳ್ಬೇಡ!” ಎಂದು ಅತ್ತಿಗೆ ಓಡಿದರು. “ಅವಳಿಗೆ ಆವಾಗ ಜಂಬ ಜಾಸ್ತಿ. ತಪ್ಪಿದ ಚುಕ್ಕಿಯಿಂದಲೇ ತಿದ್ದಿದ್ರೆ ಸಾಕು.” ಆಮೇಲೆ ಮಂಜುಳಾ ಕಡೆ ತಿರುಗಿ ಕೇಳಿದರು, “ಇದನ್ನ ಬದಲಾಯಿಸೋಕಾಗುತ್ತೇನೇ?”

“ಹಳೇದಾಗಿದ್ರೆ ಆಗ್ತಿರಲಿಲ್ಲ ಮಿಸ್. ಇದರಲ್ಲಿ ಆಗುತ್ತೆ. ಹೇಳಿ.”

ಹಾಲ್‌ನ ಪಕ್ಕದ ಪಾತ್ರೆ ಕೋಣೆಯಲ್ಲಿ ರೆಕಾರ್ಡಿಂಗ್ ನಡೆಯಿತು. “ಪರವಾಗಿಲ್ಲ, ಇಲ್ಲಿಂದಲೇ ತಿದ್ದಿಕೋ.” ಇನ್ನೊಂದು ಗಳಿಗೆಗೆ ಎಲ್ಲ ಫೋನುಗಳಲ್ಲೂ ಬೈಗುಳ ಹೋಗಿ ಈ ಮಾತು ಬಂದಿತ್ತು. ವಯಸ್ಸಾಗುತ್ತ ಮನುಷ್ಯರು ಮೆತ್ತಗಾಗುತ್ತಾರೆ. ಅವರು ಮಾಡಿಟ್ಟ ವಸ್ತುಗಳೂ ಹಾಗೇ ಮೆತ್ತಗಾಗುವ ಅವಕಾಶ ಇದ್ದರೆ ಎಷ್ಟು ಚೆನ್ನ.

ಕ್ಲಾಸು ಮುಗಿಯುವಾಗ ಆ ಬ್ಯಾಂಕಿನ ಹೆಂಗಸು ಸಂಕೋಚದಿಂದ ಬಂದು ಕೇಳಿದಳು. ತನ್ನ ಅಮ್ಮ ಹಾಕುತ್ತಿದ್ದ ರಂಗೋಲಿಗಳನ್ನೂ ಹೀಗೇ ಮಾಡಬಹುದೇ? “ಈ ಪುಟದ ಒಳಗೆ ಬರೆದಿದ್ದೆಲ್ಲ ತೆರೆದೇ ಇದೆ, ತಗೊಂಡು ನಿನ್ನ ಎಳೆ ಹಾಕ್ಕೋ” ಎಂದಳು ಮಂಜುಳಾ. ಅಣ್ಣನಿಗೆ ಚಡಪಡಿಕೆ ಶುರುವಾಯಿತು. “ಹಾಗೆಲ್ಲ ಕೊಟ್ಬಿಟ್ರೆ ಹೇಗಮ್ಮ? ಒಂದು ಅರ್ಜಿ, ಒಂದು ಪರ್ಮಿಷನ್ನು... ಕೆಳಗಡೆ ಇವಳ ಹೆಸರು ಹಾಕಿ ಹಕ್ಕು ಕಾಯ್ದಿರಿಸಲಾಗಿದೆ ಅಂತಾದ್ರೂ ಹಾಕು.”

“ಸುಮ್ನಿರ್ರೀ” ಎಂದರು ಅತ್ತಿಗೆ. “ನಮ್ಮಮ್ಮ ನನಗೆ ಕಲಿಸೋವಾಗ ಯಾವ ರಂಗೋಲಿ ಕೆಳಗೆ ಸೈನ್ ಹಾಕಿದ್ರು?”

ಕಾರ್ಯದರ್ಶಿಗಳು ಅತ್ತಿಗೆಗೆ ತಾಂಬೂಲ ಕೊಡುತ್ತ, ಮುಂದಿನ ವರ್ಷಕ್ಕೆ ಈಗಲೇ ಹಾಲ್ ಬರೆದುಕೊಳ್ಳುತ್ತೇನೆ ಅಂದರು. ಅತ್ತಿಗೆ ಎಡಗೈ ಆಸರೆ ಕೊಟ್ಟು, ಪ್ಲಾಸ್ಟರ್ ಕೈಯನ್ನೇ ಮುಂದೆ ಚಾಚಿ ತೆಗೆದುಕೊಂಡರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಧನುರ್ಮಾಸದ ಮೊದಲ ಬೆಳಿಗ್ಗೆ ಅಣ್ಣನ ಮನೆಯಲ್ಲಿ ಹುಗ್ಗಿ ಇರುತ್ತದೆ. ಅದರ ವಾಸನೆ ಹಿಡಿದು ನಾನು ಹೋದೆ. ಬೀದಿಯ ತುಂಬ ಮಂಜು, ಬಾಗಿಲು ಬಾಗಿಲಿಗೂ ಒದ್ದೆ ನೆಲ. ಅತ್ತಿಗೆ ಗೇಟಿನ ಮುಂದೆ ಒಂದು ಮಣೆ ಹಾಕಿಕೊಂಡು ಕುಳಿತಿದ್ದರು. ಮೆಟ್ಟಿಲಿಗೆ ಒರಗಿಸಿಟ್ಟ ಫೋನಿನಲ್ಲಿ ಅವರ ಬಲಗೈ ಎಳೆ ಎಳೆಯುತ್ತಿತ್ತು. ಅದನ್ನು ನೋಡಿಕೊಂಡು ಅವರು ಎಡಗೈಯಲ್ಲಿ ಹಾಕುತ್ತಿದ್ದರು.

ಹೇಗಿತ್ತು ಎಂದು ಕೇಳಬೇಡಿ. ಸುತ್ತುಗಳು ಎಲ್ಲೆಲ್ಲೋ ಉಬ್ಬಿದ್ದವು. ಎಳೆ ಒಂದು ಕಡೆ ದಾರದಷ್ಟು ಸಣ್ಣ, ಇನ್ನೊಂದು ಕಡೆ ಹಗ್ಗದಷ್ಟು ದಪ್ಪ. ನಾಲಿಗೆ ತುದಿ ಕಚ್ಚಿಕೊಂಡು, ಮೊದಲ ಸಲ ಅಕ್ಷರ ತಿದ್ದುವ ಮಗುವಿನಂತೆ ಬಗ್ಗಿದ್ದರು. ಆದರೆ ಕೈ ಎತ್ತುತ್ತಿರಲಿಲ್ಲ. ನಾನು ಸ್ಕೂಟರ್ ಪಕ್ಕವೇ ನಿಂತೆ.

ಎದುರು ಮನೆಯ ಬಾಗಿಲು ತೆರೆಯಿತು. ಜಯಮ್ಮನವರು ರಂಗೋಲಿ ಡಬ್ಬಿ ಹಿಡಿದು ಹೊರಗೆ ಬಂದವರು ನೋಡಿ, ಎದೆಯ ಮೇಲೆ ಕೈ ಇಟ್ಟುಕೊಂಡರು.

“ಅಯ್ಯೋ ರಾಮ! ಇದೇನ್ರೀ ಸುಮತಿ, ಮಾಸದ ಮೊದಲ್ನೇ ದಿನ, ದೇವರ ರಂಗೋಲಿನ ಎಡಗೈಲಿ ಹಾಕ್ತಿದೀರಲ್ರೀ?”

ಅತ್ತಿಗೆ ತಲೆ ಎತ್ತಲಿಲ್ಲ. ಉಳಿದ ಒಂದು ಸುತ್ತು ಬಳಸಿ ಬಂದು, ಎಳೆಯನ್ನು ಹೊರಟ ಜಾಗಕ್ಕೆ ಸೇರಿಸಿದರು. ಬೆರಳ ಪುಡಿ ಕೊಡವಿಕೊಂಡರು. ಆಮೇಲೆ ಜಯಮ್ಮನವರನ್ನು ನೋಡಿ ಕೇಳಿದರು:

“ಯಾಕ್ರೀ, ಎಡಗೈ ಏನು ಪಕ್ಕದ ಮನೇದಾ?”